ಡಬ್ಬಿಯೊಳಗಿನ ಲ್ಯಾಬು

ಮೂಡಲಗಿಯ ಆ ಖಾಸಗಿ ಕಾಲೇಜಿಗೆ ಆರು ವಿಆರ್ ಹೆಡ್‌ಸೆಟ್‌ಗಳು ಬಂದಿಳಿದಾಗಿನಿಂದ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕ ಪ್ರಭುವಿಗೆ ಯಾರೊಡನೆಯೂ ಮಾತು ಬೇಡವಾಗಿತ್ತು. ಆ ಡಬ್ಬಿಯನ್ನು ಕಣ್ಣಿಗೆ ಕಟ್ಟಿಕೊಂಡರೆ ಆನ್‌ಲೈನಿನಲ್ಲಿ ಒಂದು ಪ್ರಯೋಗಾಲಯ ತೆರೆದುಕೊಳ್ಳುತ್ತಿತ್ತು. ಅಲ್ಲಿ ಆಸಿಡ್ ಚೆಲ್ಲಿದರೆ ಬಟ್ಟೆ ಸುಡದು, ಅಮೋನಿಯಾಕ್ಕೆ ವಾಸನೆಯಿಲ್ಲ. ಪ್ರಾಚಾರ್ಯ ಮುತ್ತಪ್ಪನವರಿಗೆ ಮಾತ್ರ ಅಲ್ಲಿ ತಲೆತುಂಬ ಕೂದಲು. ತಾವೇ ಆರಿಸಿಕೊಂಡ ಆ ಗೊಂಬೆದೇಹದ ನೆತ್ತಿಯ ಮೇಲೆ 'ಡಾಕ್ಟರ್ ಮುತ್ತಪ್ಪ' ಎಂಬ ಹೆಸರು ತೇಲುತ್ತಿತ್ತು. ಅವರಿಗೆ ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾಲಯ ಆ ಲೋಕದಲ್ಲಾದರೂ ಇದೆಯೋ ಎಂದು ಪ್ರಭು ಹುಡುಕಲು ಹೋಗಲಿಲ್ಲ.

ಅವನ ಚಿಂತೆ ಹಳೆಯ ಲ್ಯಾಬಿನದು. ಸಂಸ್ಥೆಯ ಅಧ್ಯಕ್ಷ ಭೀಮಶಿ ಸಾಹುಕಾರರು ಡಬ್ಬಿಯನ್ನು ನೋಡಿ ಒಪ್ಪಿದರೆ, ಸಿಂಕು, ಬ್ಯುರೆಟ್ಟುಗಳನ್ನೆಲ್ಲ ಕಿತ್ತು ಆ ಕೋಣೆಯನ್ನು ತಮ್ಮ ಸೊಸೈಟಿಯ ಕಚೇರಿ ಮಾಡಿಕೊಳ್ಳುವವರಿದ್ದರು.

ಶುಕ್ರವಾರ ಉದ್ಘಾಟನೆ. ಮುತ್ತಪ್ಪನವರು ಕಾಯಿ ಒಡೆದರು. ಹೊಸ ಟ್ರ್ಯಾಕ್ಟರಿಗೆ ಮಾಡುವಂತೆ, ಆರೂ ಡಬ್ಬಿಗಳ ಮುಖಕ್ಕೆ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ದಪ್ಪಗೆ ಎಳೆದರು. ಮೇಲೊಂದಿಷ್ಟು ಭಂಡಾರದ ಅರಿಸಿನ. ಡಬ್ಬಿ ಸುತ್ತಲಿನದನ್ನು ಗುರುತಿಸುವುದು ಮುಖದ ಮೇಲಿನ ಸಣ್ಣ ಕ್ಯಾಮೆರಾಗಳಿಂದ. ಅವು ಮುಚ್ಚಿದರೆ ಒಳಗೆ ಬರೀ ಕತ್ತಲೆ. ಪ್ರಭುವಿಗೆ ಅದು ಗೊತ್ತಿತ್ತು. ಕರವಸ್ತ್ರವನ್ನು ಕಿಸೆಯಲ್ಲೇ ಮುದುಡಿ ಹಿಡಿದು ಸುಮ್ಮನೆ ನಿಂತ.

"ಹಾಕ್ಕೊಳ್ರಿ ಸಾಹುಕಾರ್ರ. ಜರ್ಮನಿಯವರು ನಿಮ್ಮ ಬಾಜೂನ ನಿಂತು ಸಂಶೋಧನಾ ಮಾಡಾಕತ್ತಿರತಾರ," ಎಂದರು ಮುತ್ತಪ್ಪ.

"ಪಟಗಾ ತಗೀಬೇಕೇನ್ರಿ?" ಸಾಹುಕಾರರು ತಲೆಯ ರುಮಾಲು ಮುಟ್ಟಿಕೊಂಡರು.

"ತಗೀಬೇಕ್ರಿ."

ಸಾಹುಕಾರರು ಕುರ್ಚಿಯಲ್ಲಿ ಕೂತು ಕತ್ತಲೆಯನ್ನು ಬಹಳ ಹೊತ್ತು ನೋಡಿದರು. ಸುತ್ತ ನಿಂತವರೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದರು.

"ಭಾರಿ ಐತಿ," ಎಂದರು ಕಡೆಗೆ. "ಎಲ್ಲಾ ಲಕಲಕ ಹೊಳಿಯಾಕತ್ತೈತಿ."

ಪ್ರಭುವಿಗೆ ನಗು ಬರಲಿಲ್ಲ, ಹೇಸಿಕೆ ಬಂತು. ಮುತ್ತಪ್ಪನವರು ಇನ್ನೊಂದು ಡಬ್ಬಿ ಕಟ್ಟಿಕೊಂಡು, ಇಲ್ಲದ ಜರ್ಮನಿಯವರಿಗೆ ಕೈಮುಗಿದರು.

"ಹಂಗಾರ ಹಳೇ ಲ್ಯಾಬ್ ಖಾಲಿ ಮಾಡಸ್ರಿ," ಎಂದರು ಸಾಹುಕಾರರು.

"ಒಂದ್ ಪ್ರಯೋಗ ನೋಡೇ ಹೋಗ್ರಿ. ರಾಧಿಕಾ, ಬಾರವ್ವಾ," ಎಂದರು ಮುತ್ತಪ್ಪ, ಡಬ್ಬಿ ತೆಗೆದು.

ರಾಧಿಕಾ ಕೌಜಲಗಿಯಿಂದ ಬರುವ ಅಂತಿಮ ವರ್ಷದ ಹುಡುಗಿ. ವಾರವಿಡೀ ಇದಕ್ಕೇ ಅಭ್ಯಾಸ ಮಾಡಿದ್ದಳು. ಡಬ್ಬಿ ಕಟ್ಟಿಕೊಂಡವಳು ತಕ್ಷಣ ತೆಗೆದಳು.

"ಏನೂ ಕಾಣವಲ್ದ್ರಿ ಸರ್. ಬರೇ ಕತ್ತಲಿ ಐತಿ."

"ಸಾಹುಕಾರ್ರಿಗೆ ಕಂಡದ್ದು ನಿನಗ ಕಾಣೂದಿಲ್ಲ? ಕಾಲೇಜಿಗೆ ಓದಾಕ ಬರ್ತೀಯೋ ನಿದ್ದಿ ಮಾಡಾಕ ಬರ್ತೀಯೋ?" ಮುತ್ತಪ್ಪ ಗದರಿದರು.

ಜನ ನಕ್ಕರು. "ನಾ ಸುಳ್ಳ ಹೇಳಾಕತ್ತಿಲ್ರಿ," ಎಂದಳು ಹುಡುಗಿ. ಅವಳ ಕಣ್ಣು ಪ್ರಭುವಿನತ್ತ ತಿರುಗಿತು.

ಬಾಯಿ ಬಿಟ್ಟರೆ ಡಬ್ಬಿ ಸರಿಹೋಗುತ್ತದೆ, ಲ್ಯಾಬು ಉಳಿಯುವ ಕೊನೆಯ ಆಸೆಯೂ ಹೋಗುತ್ತದೆ. ಬಿಡದಿದ್ದರೆ ಅಷ್ಟು ಜನರಲ್ಲಿ ನಿಜ ನುಡಿದ ಒಬ್ಬಳೇ ಸುಳ್ಳುಗಾತಿಯಾಗುತ್ತಾಳೆ. ಇಷ್ಟು ಹೊತ್ತು ತನ್ನ ಮೌನವನ್ನು ಅವನು ದೊಡ್ಡತನವೆಂದೇ ತಿಳಿದಿದ್ದ. ಈಗ ಅದಕ್ಕೂ ಮುತ್ತಪ್ಪನವರ ನಮಸ್ಕಾರಕ್ಕೂ ಹೆಚ್ಚು ಅಂತರ ಕಾಣಲಿಲ್ಲ.

ಮುಂದೆ ಬಂದು ಅವಳ ಡಬ್ಬಿಯ ಮುಖ ಒರೆಸಿದ. "ವಿಭೂತಿ ಕ್ಯಾಮೆರಾ ಮ್ಯಾಲ ಕುಂತಿತ್ತು. ಈಗ ನೋಡವ್ವಾ."

"ಹಾಂ, ಈಗ ಕಾಣಾಕತ್ತೈತ್ರಿ ಸರ್! ಟೇಬಲ್ಲು, ಬ್ಯುರೆಟ್ಟು, ಎಲ್ಲಾ!"

ಉಳಿದ ಡಬ್ಬಿಗಳ ಮೇಲೆ, ಸಾಹುಕಾರರ ತೊಡೆಯ ಮೇಲಿದ್ದುದರ ಮೇಲೆಯೂ, ಮೂರು ಬಿಳಿ ಗೆರೆಗಳು ಹಾಗೇ ಇದ್ದವು.

"ಹಂಗಾರ ಸಾಹುಕಾರ್ರು ಏನ್ ನೋಡಿದ್ರೋ?" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಸಾಹುಕಾರರು ಪಟಗಾ ಸುತ್ತಿಕೊಳ್ಳುತ್ತ ಎದ್ದರು. "ಇವನ್ನ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ರಿ. ಇನ್ನೊಮ್ಮೆ ಇದರ ಮಾತು ನನ್ನ ಮುಂದ ತಗೀಬ್ಯಾಡ್ರಿ."

"ಲ್ಯಾಬ್ ಖಾಲಿ ಮಾಡೂದ್ರಿ?" ಎಂದರು ಮುತ್ತಪ್ಪ.

"ತಗೀಬ್ಯಾಡ್ರಿ ಅಂದ್ನಿಲ್ಲೋ!"

ಹೀಗೆ ಒಬ್ಬ ಸಾಹುಕಾರನ ಮುಖಭಂಗದಿಂದ ಲ್ಯಾಬು ಉಳಿಯಿತು. ಅವರ ಕಾರು ಗೇಟು ದಾಟುವುದೇ ತಡ, ಮುತ್ತಪ್ಪನವರು ಪ್ರಭುವಿನ ಹತ್ತಿರ ಬಂದು ಹಲ್ಲು ಕಡಿದರು: "ಗೊತ್ತಿತ್ತಂದ್ರ ಮೊದಲ ಹೇಳಾಕ ಏನ್ ಧಾಡಿ ಆಗಿತ್ರಿ ನಿಮಗ?"

ಆ ಮನುಷ್ಯ ಈ ವರ್ಷವೆಲ್ಲ ಕೇಳಿದ ಪ್ರಶ್ನೆಗಳಲ್ಲಿ ಉತ್ತರ ಕೊಡಬೇಕೆನ್ನಿಸಿದ್ದು ಇದೊಂದೇ. ಪ್ರಭು ಕರವಸ್ತ್ರ ತೆಗೆದು ಉಳಿದ ಐದು ಡಬ್ಬಿಗಳ ವಿಭೂತಿಯನ್ನು ಒಂದೊಂದಾಗಿ ಒರೆಸತೊಡಗಿದ.