ಹೆಡ್‌ಫೋನಿನಲ್ಲಿ ಕೇಳಿದ ಪಿಸುಮಾತು

ಯೌವನಸ್ಥರ ಆರಾಧನೆ ಶುರುವಾಗುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಸೌಂಡ್ ಆಂಟಿ ಚರ್ಚಿನ ಕೊನೆಯ ಬೆಂಚಿನ ಹಿಂದಿದ್ದ ತನ್ನ ಮೇಜಿನ ಮುಂದೆ ಕೂತು, ತಲೆಗೆ ಹೆಡ್‌ಫೋನ್ ಏರಿಸಿಕೊಂಡು, ಒಂದೊಂದೇ ಮೈಕಿನ ಗುಂಡಿ ಒತ್ತಿ ಕೇಳಿ ನೋಡುತ್ತಿದ್ದಳು. ಈ ಗುಂಡಿ ಒತ್ತಿದರೆ ಆ ಮೈಕಿನ ಸದ್ದು ಅವಳ ಕಿವಿಗೆ ಬರುತ್ತದೆ; ಸಭೆಗೆ ಬಿಡುವ ಗುಂಡಿ ಬೇರೆ, ಅದನ್ನಿನ್ನೂ ಅವಳು ಮುಟ್ಟಿರಲಿಲ್ಲ.

ಅವಳೇನೂ ಇದಕ್ಕೆಂದು ಓದಿದವಳಲ್ಲ. ಹಗಲು ಔಷಧದಂಗಡಿಯ ಕೌಂಟರಿನಲ್ಲಿ ಕೆಲಸ. ಮಗ ಚರ್ಚಿನ ವಾದ್ಯತಂಡಕ್ಕೆ ಗಿಟಾರ್ ನುಡಿಸಲು ಸೇರಿದ ಹೊಸದರಲ್ಲಿ, ಅವನ ಅಭ್ಯಾಸ ಮುಗಿಯುವ ತನಕ ಹಿಂದಿನ ಬೆಂಚಿನಲ್ಲಿ ಕೂತು ತೂಕಡಿಸುತ್ತಿದ್ದಳು. ಆಗ ಸೌಂಡ್ ನೋಡುತ್ತಿದ್ದವನಿಗೆ ಬೇರೆ ಊರಿಗೆ ವರ್ಗವಾಯಿತು. "ಸುಮ್ನೆ ಕೂತಿದ್ದೀರಲ್ಲ ಆಂಟಿ, ಇದನ್ನ ಒಂದು ವಾರ ನೋಡ್ಕೊಳ್ಳಿ" ಎಂದು ಹೇಳಿ ಹೋದ. ಆ ಒಂದು ವಾರ ಮುಗಿಯಲೇ ಇಲ್ಲ. ಅವಳ ಹೆಸರು ಹುಡುಗರಿಗೆ ಮರೆತೇ ಹೋಗಿ ಸೌಂಡ್ ಆಂಟಿ ಎಂಬುದೇ ನಿಂತಿತು. ಚೆನ್ನಾಗಿ ಕೇಳಿಸಿದರೆ ಹಾಡಿದವರಿಗೆ ಶಭಾಷ್, ಮೈಕು ಕೀಂಯ್ ಎಂದರೆ ಮಾತ್ರ ಸಭೆಯೆಲ್ಲ ಹಿಂದೆ ತಿರುಗಿ ಅವಳನ್ನು ನೋಡುತ್ತಿತ್ತು. "ನನ್ನ ಮುಖದರ್ಶನ ಆಗ್ಬೇಕಾದ್ರೆ ಏನಾದ್ರೂ ಕೆಡಬೇಕು" ಎಂದು ಅವಳೇ ನಗಾಡುತ್ತಿದ್ದಳು.

ಆ ಶನಿವಾರ ಸಂಜೆ ಅವಳು ಗುಬ್ಬಿಯ ಮೈಕಿನ ಗುಂಡಿ ಒತ್ತಿದಳು. ಗುಬ್ಬಿ ಅಂದರೆ ಮುಖ್ಯ ಹಾಡುಗಾರ್ತಿ. ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಹುಡುಗಿ. ಮೈಯಲ್ಲಿ ಹಿಡಿಯಷ್ಟೇ ಇದ್ದರೂ ಬಾಯಿ ತೆರೆದರೆ ಚಾವಣಿ ಮುಟ್ಟುವ ದನಿ. ಅವಳದು ಕೆನ್ನೆಗೆ ಅಂಟಿಕೊಂಡಂತಿರುವ, ತಂತಿಯಿಲ್ಲದ ಮೈಕು. ವೇದಿಕೆಯ ಪಕ್ಕದ ವೆಸ್ಟ್ರಿಯಲ್ಲಿ, ಅಂದರೆ ಪಾಸ್ಟರ್ ಉಡುಪು ಬದಲಿಸುವ ಕೋಣೆಯಲ್ಲಿ, ಅದನ್ನು ಸಿಕ್ಕಿಸಿಕೊಂಡವಳು ಆರಿಸಲು ಮರೆತಿದ್ದಳು.

ಮೊದಲು ಬಟ್ಟೆ ಉಜ್ಜಿದ ಸರಸರ ಸದ್ದು. ಆಮೇಲೆ ತೀರಾ ಹತ್ತಿರದಲ್ಲಿ ಒಂದು ಗಂಡಸಿನ ಪಿಸುಮಾತು.

"ಮುಗಿದ ತಕ್ಷಣ ಹಿಂದಿನ ಗೇಟಿಗೆ ಬಾ. ಕಾರಲ್ಲಿ ಇರ್ತೀನಿ. ಬರ್ಲಿಲ್ಲ ಅಂದ್ರೆ ಆ ಫೋಟೋ ಮೊದಲು ಹೋಗೋದು ನಿಮ್ಮಪ್ಪನ ಮೊಬೈಲಿಗೆ. ಆಮೇಲೆ ಇಡೀ ಚರ್ಚಿಗೆ."

ಹುಡುಗಿ ಅಳುತ್ತಿದ್ದಳು. "ಪ್ಲೀಸ್, ಹಾಗೆ ಮಾಡ್ಬೇಡ್..." ಅಷ್ಟರಲ್ಲಿ ಮೈಕು ಕರಕರ ಎಂದಿತು. ಯಾರೋ ಅದನ್ನು ಆರಿಸಿದರು.

ಸೌಂಡ್ ಆಂಟಿ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು. ಸುತ್ತ ನೋಡಿದಳು. ಹುಡುಗ ಹುಡುಗಿಯರು ನಗುತ್ತಾ ಬೆಂಚುಗಳಲ್ಲಿ ಜಾಗ ಹಿಡಿಯುತ್ತಿದ್ದರು. ಪಾಸ್ಟರ್ ಬಾಗಿಲಲ್ಲಿ ನಿಂತು ಕೈಕುಲುಕುತ್ತಿದ್ದರು. ಅವಳು ಕೇಳಿದ್ದನ್ನು ಬೇರೆ ಯಾರೂ ಕೇಳಿರಲಿಲ್ಲ.

ವೆಸ್ಟ್ರಿಯ ಬಾಗಿಲು ತೆರೆಯಿತು. ಮೊದಲು ಡ್ರಮ್ ಬಾರಿಸುವ ಗುಂಡ ಬಂದ. ಅವನ ಹಿಂದೆ ಕೀಬೋರ್ಡ್ ನುಡಿಸುವ ಮಾಸ್ಟರ್, ಈ ಮಕ್ಕಳಿಗೆಲ್ಲ ಸ್ವರ ಕಲಿಸಿದವರು, ನಡುವಯಸ್ಸಿನ ಗೃಹಸ್ಥರು. ಅವರ ಹಿಂದೆ ಗುಬ್ಬಿ, ತಲೆ ತಗ್ಗಿಸಿಕೊಂಡು. ಕೊನೆಗೆ ಗಿಟಾರ್ ಹೆಗಲಿಗೇರಿಸಿದ ಅವಳ ಮಗ.

ಒಳಗಿದ್ದ ಗಂಡಸರು ಮೂವರೇ. ಪಿಸುಮಾತಿಗೆ ದನಿಯೇ ಇರುವುದಿಲ್ಲ, ಬರೀ ಉಸಿರು. ಯಾರದೂ ಆಗಿರಬಹುದು.

ಬೇಡವೆಂದರೂ ಅವಳ ಕಣ್ಣು ಮಗನ ಮೇಲೇ ಹೋಗಿ ನಿಂತಿತು. ತಿಂಗಳಿಂದ ಹುಡುಗ ಸರಿಯಿರಲಿಲ್ಲ. ಮೊಬೈಲು ಹಿಡಿದು ಬಚ್ಚಲಿಗೆ ಹೋಗುತ್ತಿದ್ದ. ಏನೋ ಎಂದು ಕೇಳಿದರೆ "ನಿನಗ್ಯಾಕಮ್ಮ" ಎಂದು ಸಿಡುಕುತ್ತಿದ್ದ. ಮೊದಲೆಲ್ಲ ಅಭ್ಯಾಸ ಮುಗಿದ ಮೇಲೆ ಗುಬ್ಬಿಯನ್ನು ತನ್ನ ಬೈಕಿನಲ್ಲೇ ಮನೆಗೆ ಬಿಟ್ಟು ಬರುತ್ತಿದ್ದವನು ಈಚೆಗೆ ಅವಳ ಸುದ್ದಿ ಎತ್ತಿದರೂ ಎದ್ದು ಹೋಗುತ್ತಿದ್ದ. ಆದರೆ ಅವನಿಗೆ ಕಾರೆಲ್ಲಿದೆ? ಹಾಗೆಂದುಕೊಂಡ ಮರುಕ್ಷಣವೇ ನೆನಪಾಯಿತು, ಬೈಕು ರಿಪೇರಿಗೆ ಬಿಟ್ಟಿದ್ದರಿಂದ ಇವತ್ತು ತಾಯಿಮಗ ಬಂದದ್ದು ಗುಂಡನ ಅಣ್ಣನ ಕಾರಿನಲ್ಲಿ. ಬೀಗದಕೈ ಮಗನ ಜೇಬಿನಲ್ಲೇ ಇತ್ತು.

ಮೊದಲ ಹಾಡು ಶುರುವಾಯಿತು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಸೌಂಡ್ ಆಂಟಿಯ ಬೆರಳುಗಳು ಅಭ್ಯಾಸಬಲದಿಂದ ತಮ್ಮಷ್ಟಕ್ಕೆ ಕೆಲಸ ಮಾಡಿದವು. ಡ್ರಮ್ ಸ್ವಲ್ಪ ಕೆಳಗೆ, ಗಿಟಾರ್ ಸ್ವಲ್ಪ ಮೇಲೆ. ಮನಸ್ಸು ಮಾತ್ರ ಒಂದೇ ಪದವನ್ನು ಹಿಡಿದು ಜಗ್ಗುತ್ತಿತ್ತು. ಗುಬ್ಬಿ ಹೇಳಿದ್ದು 'ಮಾಡ್ಬೇಡ' ಎಂದೋ 'ಮಾಡ್ಬೇಡಿ' ಎಂದೋ? ಕೊನೆಯ ಸ್ವರವನ್ನು ಆ ಹಾಳು ಕರಕರ ನುಂಗಿ ಹಾಕಿತ್ತು. 'ಬೇಡಿ' ಎಂದಿದ್ದರೆ ಹಿರಿಯರಿಗೆ ಹೇಳಿದ್ದು. ಅವಳ ಮಗನಿಗೂ ಗುಂಡನಿಗೂ ಆ ಹುಡುಗಿ ಹೋಗೋ ಬಾರೋ ಎನ್ನುತ್ತಿದ್ದಳು. ಒಂದು 'ಇ'ಕಾರ. ಕರ್ತನೇ, ಒಂದು ಇಕಾರ ಇತ್ತು ಅಂತ ಹೇಳಿಬಿಡು ಎಂದು ಅವಳು ಒಳಗೊಳಗೇ ಬೇಡಿದಳು. ಎಷ್ಟು ಸಲ ನೆನಪಿಸಿಕೊಂಡರೂ ಕೇಳಿಸುತ್ತಿದ್ದುದು ಕರಕರ ಮಾತ್ರ.

ಮಗನ ಮೈಕಿನ ಗುಂಡಿ ಒತ್ತಿದಳು. ಅವನ ಉಸಿರು ಅವಳ ಕಿವಿ ತುಂಬಿತು. ಚಿಕ್ಕವನಿದ್ದಾಗ ಜ್ವರ ಬಂದರೆ ಪಕ್ಕದಲ್ಲಿ ಮಲಗಿ ಎಣಿಸುತ್ತಿದ್ದ ಉಸಿರು. ಅದೇ ಇದು ಎನ್ನಿಸಿತು. ಅಲ್ಲ ಎಂದೂ ಎನ್ನಿಸಿತು. ಹೆದರಿ ಗುಂಡಿ ಬಿಟ್ಟಳು.

ಎರಡನೆಯ ಹಾಡಿನಲ್ಲಿ ಗುಬ್ಬಿಯ ದನಿ ನಡುಗಿತು. ಮೂರನೆಯದರಲ್ಲಿ ಸಾಲು ಮರೆತು ನಿಂತಳು. ಸೌಂಡ್ ಆಂಟಿ ಥಟ್ಟನೆ ಉಳಿದವರ ದನಿಯೇರಿಸಿ ಅವಳನ್ನು ಮರೆಮಾಡಿದಳು. ಸಭೆಗೆ ಗೊತ್ತಾಗಲಿಲ್ಲ. ಭಕ್ತಿಯಿಂದ ಕಣ್ಣು ತುಂಬಿಕೊಂಡಿದ್ದಾಳೆ ಎಂದುಕೊಂಡು ಮುಂದಿನ ಸಾಲಿನ ಹುಡುಗಿಯರೂ ಕಣ್ಣೊರೆಸಿಕೊಂಡರು.

ಪಾಸ್ಟರ್ ಪ್ರಸಂಗಕ್ಕೆ ನಿಂತರು. ಅವರೇನು ಹೇಳಿದರೆಂಬುದು ಅವಳ ತಲೆಗೆ ಹೋಗಲಿಲ್ಲ. ಔಷಧದಂಗಡಿಯಲ್ಲಿ ಎಷ್ಟೋ ಜನ ಕೌಂಟರಿನ ಮೇಲೆ ಬಗ್ಗಿ, ಯಾರಿಗೂ ಹೇಳಲಾಗದ್ದನ್ನು ಮೆಲ್ಲಗೆ ಹೇಳಿ ಮಾತ್ರೆ ಕೊಂಡು ಹೋಗುತ್ತಿದ್ದರು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದು ಅಲ್ಲಿ ಅವಳ ಧರ್ಮ. ಇವತ್ತೂ ಹಾಗೇ ಬಿಟ್ಟುಬಿಟ್ಟರೆ? ಕೇಳಿಸಲೇ ಇಲ್ಲ ಎಂದರೆ ಯಾರು ಕೇಳುತ್ತಾರೆ? ರಾತ್ರಿ ಮನೆಯಲ್ಲಿ ಮಗನನ್ನು ಕೂರಿಸಿಕೊಂಡು ಕೆನ್ನೆಗೆ ಎರಡು ಬಾರಿಸಿ, ಆ ಫೋಟೋ ಅಳಿಸಿ ಹಾಕಿಸಿದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಹೆತ್ತ ಕರುಳು ಹೀಗೆ ಲೆಕ್ಕ ಹಾಕುತ್ತಿದ್ದಾಗಲೇ ಅವಳಿಗೆ ಹೊಳೆಯಿತು: ರಾತ್ರಿ ಎನ್ನುವುದು ಹಿಂದಿನ ಗೇಟಿನ ಆಚೆಗಿದೆ. ಆ ಹುಡುಗಿ ಅಲ್ಲಿಗೆ ಹೋಗುವುದು ಅದಕ್ಕೂ ಮೊದಲು.

ಕೊನೆಯ ಹಾಡಿಗೆ ಮಾಸ್ಟರ್ ಕೀಬೋರ್ಡಿನ ಮೇಲೆ ಬೆರಳಿಟ್ಟರು.

ಅವಳ ಮೇಜಿನ ಮೇಲೆ ಪುಟ್ಟದೊಂದು ಮೈಕು ಇತ್ತು. ಅದರಲ್ಲಿ ಹೇಳಿದ್ದು ಸಭೆಗೆ ಕೇಳದು, ವೇದಿಕೆಯವರು ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನಿಗೆ ಹೋಗುತ್ತದೆ. ಸಾಮಾನ್ಯವಾಗಿ ಎಲ್ಲರಿಗೂ ಒಟ್ಟಿಗೇ ಹೋಗುವಂತೆ ಇಟ್ಟಿರುತ್ತಿದ್ದಳು. ಒಬ್ಬರಿಗೆ ಮಾತ್ರ ಹೋಗಬೇಕಾದರೆ ಉಳಿದವರ ಗುಂಡಿಗಳನ್ನೆಲ್ಲ ಆರಿಸಬೇಕು. ಒಂದು ತಪ್ಪಿದರೂ ಮುಗಿಯಿತು, ಆ ಪಿಸುಮಾತಿನವನ ಕಿವಿಗೇ ಬೀಳುತ್ತದೆ. ಅವಳು ಗುಂಡನದನ್ನು ಆರಿಸಿದಳು. ಮಾಸ್ಟರದನ್ನು ಆರಿಸಿದಳು. ಮಗನದರ ಮೇಲೆ ಬೆರಳು ನಿಂತಿತು. ಅವನಿಗೂ ಕೇಳಲಿ, ಎಚ್ಚೆತ್ತುಕೊಳ್ಳಲಿ, ಓಡಿ ಹೋಗಲಿ ಎಂದಿತು ಒಂದು ಮನಸ್ಸು. ಕಣ್ಣು ಮುಚ್ಚಿ ಅದನ್ನೂ ಆರಿಸಿದಳು. ಮತ್ತೆ ಕಣ್ಣು ಬಿಟ್ಟು ಗುಂಡಿಗಳ ಮೇಲಿನ ಎಲ್ಲ ದೀಪಗಳನ್ನೂ ಇನ್ನೊಮ್ಮೆ ನೋಡಿದಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದು ತುಟಿಯ ಹತ್ತಿರ ತಂದಳು.

"ಮಗೂ, ನಾನು ಸೌಂಡ್ ಆಂಟಿ. ಇದು ನಿನಗೊಬ್ಬಳಿಗೇ ಕೇಳ್ತಿರೋದು. ವೆಸ್ಟ್ರಿಯಲ್ಲಿ ನಡೆದಿದ್ದು ನನ್ನ ಕಿವಿಗೆ ಬಿತ್ತು. ಹಿಂದಿನ ಗೇಟಿಗೆ ಹೋಗ್ಬೇಡ. ಹಾಡು ಮುಗಿದ ಕೂಡಲೇ ಮುಂದಿನ ಮೆಟ್ಟಿಲಿಳಿದು ಜನರ ಮಧ್ಯೆ ನಡ್ಕೊಂಡು ನೇರ ನನ್ನ ಹತ್ರ ಬಾ. ಯಾರು ಕರೆದ್ರೂ ನಿಲ್ಬೇಡ."

ವೇದಿಕೆಯ ಮೇಲೆ ಗುಬ್ಬಿ ಬೆಚ್ಚಿದಳು. ಒಂದು ಸಾಲು ತಪ್ಪಿತು. ಮಾಸ್ಟರ್ ತಲೆಯೆತ್ತಿ ಅವಳನ್ನು ನೋಡಿದರು. ಮಗನೂ ನೋಡಿದ. ಗುಂಡನೂ ನೋಡಿದ. ಹುಡುಗಿ ಮತ್ತೆ ಹಾಡನ್ನು ಹಿಡಿದಳು.

ಹಾಡು ಮುಗಿಯಿತು. ಆಶೀರ್ವಾದವಾಯಿತು. ಜನ ಎದ್ದರು, ಬೆಂಚುಗಳು ಕಿರುಗುಟ್ಟಿದವು. ತಲೆಗಳ ನಡುವೆ ಗುಬ್ಬಿ ಕಾಣಿಸದಾದಳು. ಸೌಂಡ್ ಆಂಟಿ ಕುರ್ಚಿಯ ಮೇಲೆ ಹತ್ತಿ ನೋಡಿದಳು. ವೇದಿಕೆ ಖಾಲಿ. ವೆಸ್ಟ್ರಿಯ ಬಾಗಿಲು ತೆರೆದಿತ್ತು. ಹೋದಳು, ಹೆದರಿ ಅಲ್ಲಿಗೇ ಹೋದಳು ಎಂದುಕೊಂಡು ಕೆಳಗಿಳಿಯುವಷ್ಟರಲ್ಲಿ ಯಾರೋ ಅವಳ ತೋಳನ್ನು ಬಿಗಿಯಾಗಿ ಹಿಡಿದರು.

"ಆಂಟಿ."

ಹುಡುಗಿಯ ಕೈ ಮಂಜುಗಡ್ಡೆಯಂತಿತ್ತು. ಸೌಂಡ್ ಆಂಟಿ ಅವಳನ್ನು ಮೇಜಿನ ಹಿಂದಕ್ಕೆ, ಗೋಡೆಯ ಕಡೆಗೆ ಎಳೆದುಕೊಂಡಳು. ಯಾರು ಎಂದು ಕೇಳಬೇಕೆಂದಿದ್ದಳು. ಬಾಯಿಂದ ಬಂದದ್ದೇ ಬೇರೆ.

"ನನ್ನ ಮಗನಾ?"

ಗುಬ್ಬಿ ಕಣ್ಣರಳಿಸಿದಳು. "ಅಯ್ಯೋ, ಇಲ್ಲ ಆಂಟಿ! ಅವನಲ್ಲ. ಮಾಸ್ಟರ್."

ಸಮಾಧಾನ ಎನ್ನುವುದು ಇಷ್ಟು ಕೆಟ್ಟದಾಗಿ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಮೇಜು ಹಿಡಿದುಕೊಂಡಳು. ಹುಡುಗಿ ಬಿಕ್ಕುತ್ತಲೇ ಹೇಳಿದಳು: "ಹಾಡೋಕೆ ದೊಡ್ಡ ಅವಕಾಶ ಕೊಡಿಸ್ತೀನಿ ಅಂದ್ರು. ಎಷ್ಟು ಒಳ್ಳೆ ಮಾತಾಡ್ತಿದ್ರು. ನಂಬಿ ಫೋಟೋ ನಾನೇ ಕಳಿಸಿದೆ ಆಂಟಿ, ನನ್ನದೇ ತಪ್ಪು."

"ನಂಬಿದ್ದು ತಪ್ಪಲ್ಲ. ಬಾಯ್ಮುಚ್ಚು" ಎಂದಳು ಸೌಂಡ್ ಆಂಟಿ. ಗದರಿದರೂ ಅವಳ ತಲೆ ಸವರಿದಳು.

ಅಷ್ಟರಲ್ಲಿ ಮಾಸ್ಟರ್ ನಡುದಾರಿಯಲ್ಲಿ ಬರುತ್ತಿದ್ದರು. ಸಿಕ್ಕವರ ಬೆನ್ನು ತಟ್ಟುತ್ತಾ, ನಗುತ್ತಾ. ಮೇಜಿನ ಹತ್ತಿರ ಬಂದು ನಿಂತರು.

"ಇವತ್ತು ಸೌಂಡ್ ಬಹಳ ಚೆನ್ನಾಗಿತ್ತಮ್ಮ. ಏನು ಗುಬ್ಬಿ, ಇಲ್ಲಿ ನಿಂತಿದ್ದೀಯ? ಮುಂದಿನ ವಾರದ ಹಾಡು ನೋಡ್ಬೇಕು ಅಂದಿದ್ನಲ್ಲ, ಬಾ."

ಗುಬ್ಬಿ ಗೋಡೆಗೆ ಒತ್ತಿಕೊಂಡಳು. ಸೌಂಡ್ ಆಂಟಿ ಇಬ್ಬರ ನಡುವೆ ಬಂದು ನಿಂತಳು. ಮಾಸ್ಟರ್ ಎಂದರೆ ಊರಿಗೆಲ್ಲ ದೊಡ್ಡವರು. ಅವಳ ಮಗನ ಬೆರಳನ್ನು ಮೊದಲ ಬಾರಿ ತಂತಿಯ ಮೇಲಿಟ್ಟವರು. ಆದರೂ ಅವಳು ಜಾಗ ಬಿಡಲಿಲ್ಲ.

"ಅವಳು ಬರೋದಿಲ್ಲ. ವೆಸ್ಟ್ರಿಯಲ್ಲಿ ಅವಳ ಮೈಕು ಆನ್ ಇತ್ತು ಮಾಸ್ಟರ್."

ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. ಅವರು ದನಿ ತಗ್ಗಿಸಿದರು. "ಏನೇನೋ ಕೇಳಿಸಿರುತ್ತೆ ನಿಮಗೆ. ನಿಮ್ಮ ಮಾತನ್ನ ಯಾರು ನಂಬ್ತಾರೆ? ಸುಮ್ನೆ ನಿಮ್ಮ ಮಗನ ಹೆಸರೂ ಹಾಳಾಗುತ್ತೆ, ಅವನೂ ಒಳಗಿದ್ದ."

ಅದೇ ಉಸಿರು. ಈಗ ಸಂದೇಹವೇ ಉಳಿಯಲಿಲ್ಲ.

"ನನ್ನನ್ನ ನಂಬೋದು ಬೇಡ" ಎಂದಳು. "ರೆಕಾರ್ಡ್ ಆಗಿದೆ."

ಅದು ಹಸಿ ಸುಳ್ಳು. ಆರಾಧನೆ ಶುರುವಾಗುವ ತನಕ ಅವಳು ರೆಕಾರ್ಡಿಂಗಿನ ಗುಂಡಿ ಮುಟ್ಟುತ್ತಲೇ ಇರಲಿಲ್ಲ. ಶಿಲುಬೆಯ ಎದುರಿಗೆ ನಿಂತು, ಕಣ್ಣು ಪಿಳುಕಿಸದೆ ಹೇಳಿದಳು. ಮಾಸ್ಟರ್ ಮೇಜಿನ ಮೇಲಿದ್ದ ಕಂಪ್ಯೂಟರ್ ನೋಡಿದರು, ಅದರ ಮೇಲಿದ್ದ ಅವಳ ಕೈ ನೋಡಿದರು. ಕೈ ಚಾಚುತ್ತಾರೇನೋ ಎಂದು ಅವಳು ಕಂಪ್ಯೂಟರನ್ನು ತನ್ನತ್ತ ಎಳೆದುಕೊಂಡಳು. ಅವರು ಸರ್ರನೆ ತಿರುಗಿ, ಯಾರ ಬೆನ್ನನ್ನೂ ತಟ್ಟದೆ ಹೊರಗೆ ನಡೆದರು.

ಪಾಸ್ಟರ್ ಸುದ್ದಿ ಕೇಳಿ ಕುರ್ಚಿಯಲ್ಲಿ ಕುಸಿದರು. "ನಮ್ಮ ನಮ್ಮಲ್ಲೇ ಕೂತು ಮಾತಾಡಿ ಮುಗಿಸೋಣ್ವಾ? ಹುಡುಗಿಯ ಮಾನದ ಪ್ರಶ್ನೆ" ಎಂದರು. ಅವರ ಹೆಂಡತಿ ಅಲ್ಲೇ ನಿಂತಿದ್ದರು. "ಮಾನ ಹೋಗ್ಬೇಕಾದ್ದು ಅವನದು ಕಣ್ರೀ" ಎಂದು ಹೇಳಿ ಗುಬ್ಬಿಯ ಅಪ್ಪನಿಗೆ ತಾವೇ ಫೋನು ಮಾಡಿದರು. ಆ ಮನುಷ್ಯ ಬಂದವನು ಮಗಳನ್ನು ಬೈಯುತ್ತಾನೋ ಹೊಡೆಯುತ್ತಾನೋ ಎಂದು ಎಲ್ಲರೂ ಹೆದರಿದ್ದರು. ಅವನು ಚರ್ಚಿನ ಮೆಟ್ಟಿಲ ಮೇಲೆ ಮಗಳನ್ನು ತಬ್ಬಿಕೊಂಡು ಮಗುವಿನಂತೆ ಅತ್ತ. ಪೊಲೀಸರಿಗೆ ಹೇಳೋಣ ಎಂದವಳು ಗುಬ್ಬಿಯೇ. ಮಾಸ್ಟರನ ಮೊಬೈಲಿನಲ್ಲಿ ಇನ್ನೂ ಬೇರೆ ಹುಡುಗಿಯರ ಫೋಟೋ ಸಿಕ್ಕಿದವು. ರೆಕಾರ್ಡಿಂಗ್ ಎಲ್ಲಿ ಎಂದು ಪೊಲೀಸರು ಕೇಳಿದಾಗ ಸೌಂಡ್ ಆಂಟಿ ಇಲ್ಲ ಎಂದಳು. ಮೊಬೈಲೇ ಸಾಕಾಯಿತು.

ಮುಂದಿನ ಶನಿವಾರ ಆರಾಧನೆಯಿರಲಿಲ್ಲ. ಮಗನೂ ಅವಳೂ ಖಾಲಿ ಚರ್ಚಿನಲ್ಲಿ ವೈರುಗಳನ್ನು ಸುತ್ತಿಡಲು ಬಂದಿದ್ದರು. ಹುಡುಗ ಒಂದು ವೈರನ್ನು ಸುತ್ತಿ ಮುಗಿಸಿ, ತಲೆಯೆತ್ತದೆ ಕೇಳಿದ.

"ಗುಬ್ಬಿ ಹೇಳಿದ್ಲು. ನೀನು ಮೊದಲು ಕೇಳಿದ್ದೇ 'ನನ್ನ ಮಗನಾ' ಅಂತಂತೆ?"

ಅವಳಿಗೆ ಇನ್ನೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೌದು" ಎಂದಳು.

"ಅವಳು ನನ್ನನ್ನ ಬೇಡ ಅಂದಿದ್ಲಮ್ಮ. ಅದಕ್ಕೇ ನಾನು ಹಾಗಿದ್ದೆ. ಅಷ್ಟೇ." ಇನ್ನೊಂದು ವೈರನ್ನು ಕೈಗೆತ್ತಿಕೊಂಡ. "ಒಂದು ವೇಳೆ ನಾನೇ ಆಗಿದ್ರೆ? ಏನು ಮಾಡ್ತಿದ್ದೆ?"

"ನೀನೇ ಅಂದ್ಕೊಂಡೇ ಅವಳನ್ನ ನನ್ನ ಹತ್ರ ಕರೆದಿದ್ದು ಕಣೋ."

ಹುಡುಗ ಕೈಯಲ್ಲಿದ್ದ ವೈರನ್ನು ಕೆಳಗಿಟ್ಟ. ಸ್ಪೀಕರುಗಳನ್ನು ಒಂದೊಂದಾಗಿ ಎತ್ತಿ ಕೋಣೆಯಲ್ಲಿಟ್ಟು ಬಂದ. ಮನೆಗೆ ಹೋಗುವ ದಾರಿಯಲ್ಲಿ ಮಾತಿಲ್ಲ. ಹಾಗೇ ಎಷ್ಟೋ ದಿನ ಕಳೆದವು. ಊಟಕ್ಕೆ ಬಾ ಎಂದರೆ ಬರುತ್ತಿದ್ದ, ಉಂಡು ಏಳುತ್ತಿದ್ದ. ಒಂದು ಬೆಳಗ್ಗೆ ಅವಳು ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ಕೂಗಿದ: "ಅಮ್ಮಾ, ನಿಲ್ಲು. ಬಿಟ್ಟು ಬರ್ತೀನಿ."

ಬೈಕಿನ ಹಿಂದೆ ಕೂತು ಅವಳು ಅವನ ಹೆಗಲು ಹಿಡಿದುಕೊಂಡಳು. ಅವನು ಕೊಡವಿಕೊಳ್ಳಲಿಲ್ಲ.