ಸೀದ ಹಾಲಿನ ವಾಸನೆ

ಚಳಿಗಾಲದ ಜ್ವರ ಬಿಟ್ಟ ಮೇಲೆ ಲಾಲಬಿಯ ಮೂಗಿಗೆ ವಾಸನೆಯೇ ತಿಳಿಯದಂತಾಗಿತ್ತು. ಸಿಹಿ, ಹುಳಿ, ಉಪ್ಪು, ಕಹಿ ನಾಲಿಗೆಗೆ ಗೊತ್ತಾಗುತ್ತವೆ, ಉಳಿದ ರುಚಿಯೆಲ್ಲ ಮೂಗಿನದು ಎಂದು ಸಿಂದಗಿಯ ಡಾಕ್ಟರು ಹೇಳಿದ್ದರು. ಯಾಲಕ್ಕಿ ಹಾಕಿದ ಚಹಾ ಅವಳಿಗೀಗ ಬರೀ ಬಿಸಿ ಸಕ್ಕರೆ ನೀರು. ಈ ಸಂಗತಿಯನ್ನು ಗಂಡ ಬಂದಗಿಸಾಬನಿಗೂ ಹೇಳದೆ, ಮೈದುನನ ಹೆಂಡತಿ ನಿಷತಳಿಗೆ ಮಾತ್ರ ಹೇಳಿದ್ದಳು.

"ಗೊತ್ತಾದ್ರ ನನ್ನ ಒಲಿ ಮುಂದ ಕುಂಡ್ರಾಕ ಬಿಡೂದಿಲ್ಲ. ವಾಸನಿ ನೀನ ನೋಡಿ ಹೇಳವ್ವಾ."

ಅಂದಿನಿಂದ ಮಸಾಲೆ ಹುರಿಯುವಾಗ, ಒಗ್ಗರಣೆ ಹಾಕುವಾಗ ನಿಷತ ಪಕ್ಕದಲ್ಲಿ ನಿಂತು ಹೇಳುತ್ತಿದ್ದಳು. ಹೊಗಳಿಕೆ ಮಾತ್ರ ಲಾಲಬಿಗೇ ಹೋಗುತ್ತಿತ್ತು.

ರಂಜಾನ್ ಹಬ್ಬದ ಬೆಳಿಗ್ಗೆ, ಶಾವಿಗೆ ಉತ್ತತ್ತಿಯ ಸುರಕುಂಬಾಕ್ಕೆಂದು ಇಟ್ಟ ಹಾಲು ತಳ ಹತ್ತಿತು. ನಿಷತ ಅಡುಗೆಮನೆಗೆ ಕಾಲಿಡುತ್ತಲೇ ಸೀದ ವಾಸನೆ ಮೂಗಿಗೆ ಬಡಿಯಿತು. ಲಾಲಬಿ ಆಗಲೇ ಒಂದು ಚಮಚ ಬಾಯಿಗೆ ಹಾಕಿಕೊಂಡಿದ್ದಳು. "ಸಕ್ಕರಿ ಸರಿ ಐತಿ. ಘಮಾ ಹೆಂಗೈತಿ?"

ಒಂದು ಸಲವಾದರೂ ಇವಳ ಅಡುಗೆ ಕೆಡಲಿ ಎಂಬ ಆಸೆ ಎಲ್ಲಿ ಅಡಗಿತ್ತೋ. "ಚಲೋ ಐತ್ರಿ ಅಕ್ಕಾ," ಎಂದುಬಿಟ್ಟಳು ನಿಷತ.

ಪ್ರತಿ ಹಬ್ಬಕ್ಕೂ ಮತ್ತೊಂದು ಬಟ್ಟಲು ಕೇಳುತ್ತಿದ್ದ ನೆರೆಮನೆಯ ಮಡಿವಾಳಪ್ಪ, ಎರಡು ಗುಟುಕು ಕುಡಿದು "ಹೊಟ್ಟಿ ತುಂಬೇತ್ರಿ" ಎಂದು ಬಟ್ಟಲು ಕೆಳಗಿಟ್ಟ. ಬಂದಗಿಸಾಬ ರುಚಿ ನೋಡಿ ಮುಖ ಕಿವುಚಿದ.

"ಹಾಲು ಸೀದೈತಿ. ಮಂದಿ ಮುಂದ ಇಡಾಕ ಹೆಂಗ ಮನಸ್ಸ ಬಂತು ನಿನಗ?"

ಇನ್ನೇನು ತನ್ನ ಹೆಸರು ಬರುತ್ತದೆ ಎಂದುಕೊಂಡಳು ನಿಷತ. ಲಾಲಬಿ ತಲೆ ತಗ್ಗಿಸಿ, "ತಪ್ಪು ನಂದ," ಎಂದಳು.

ಬಂದವರು ಹೋದ ಮೇಲೆ ಲಾಲಬಿ ಅಡುಗೆಮನೆಗೆ ಬಂದು ನಿಷತಳ ಹಣೆ ಮುಟ್ಟಿ ನೋಡಿದಳು. "ನಿನಗೂ ಜ್ವರ ಬಂದಿತ್ತೇನು? ನಿನ್ನ ಮೂಗೂ ಹೋತೇನು? ನನ್ನ ಮುಂದ ಯಾಕ ಮುಚ್ಚಿಟ್ಟಿ? ನಾಳೆ ಡಾಕ್ಟರ ಕಡೆ ಹೋಗೂಣು."

ಹೌದೆಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಣೆಯ ಮೇಲಿದ್ದ ಆ ಕೈಯನ್ನು ನಿಷತಳಿಗೆ ತಾಳಲಾಗಲಿಲ್ಲ.

"ನನಗೇನೂ ಆಗಿಲ್ರಿ ಅಕ್ಕಾ. ಸೀದದ್ದು ಗೊತ್ತಿತ್ತು. ಬೇಕಂತ ಹೇಳಲಿಲ್ಲ."

ಲಾಲಬಿ ಕೈ ತೆಗೆದಳು. ಯಾಕೆಂದು ಕೇಳಲಿಲ್ಲ. ಕೇಳಿದ್ದರೆ ನಿಷತ ಅತ್ತಾದರೂ ಹಗುರಾಗುತ್ತಿದ್ದಳು.

ಆ ಸಂಜೆ ಲಾಲಬಿ ಗಂಡನಿಗೆ ತನ್ನ ಮೂಗಿನ ಸಂಗತಿ ತಾನೇ ಹೇಳಿದಳು. ನಿಷತಳ ಮಾತು ಎತ್ತಲಿಲ್ಲ. ಒಲೆ ನಿಷತಳ ಪಾಲಿಗೆ ಬಂತು. ಈಗ ಅವಳ ಕೈರುಚಿಯನ್ನು ಮನೆಯವರೆಲ್ಲ ಹೊಗಳುತ್ತಾರೆ. ಲಾಲಬಿ ಎದುರಿಗೇ ಕುಳಿತು ಸುಮ್ಮನೆ ಉಣ್ಣುತ್ತಾಳೆ. ಇನ್ನೊಂದು ರೊಟ್ಟಿ ನೀಡಲು ಹೋದರೆ ಸಾಕು ಎನ್ನುತ್ತಾಳೆ. ಒಂದು ದಿನವೂ ಬಿರುಸಾಗಿ ಮಾತಾಡಿಲ್ಲ. ನಿಷತಳಿಗೆ ಉಂಡದ್ದು ಮೈಗೆ ಹತ್ತುತ್ತಿಲ್ಲ.