ಗದ್ದಿಗೆ ಕಂಬಳಿ

“ಯವ್ವಾ, ನಮ್ಮ ಕಂಬಳಿ ಬಂತ ನೋಡು,” ಎಂದು ಕರಿಸಿದ್ದಪ್ಪ ಫೋನನ್ನು ತಾಯಿ ಮೈಲಾರವ್ವನ ಮುಖದ ಹತ್ತಿರ ಹಿಡಿದ.

ಕುಬಿಹಾಳದ ಅವನ ಅಂಗಳದಲ್ಲಿ ಆ ಸಂಜೆ ಅರ್ಧ ಓಣಿಯೇ ಕೂತಿತ್ತು. ಮುಂಬಯಿಯಲ್ಲಿ ‘ಭಾರತ ಲಾವಣ್ಯ’ ಸ್ಪರ್ಧೆಯ ಕೊನೆಯ ಸುತ್ತು. ಅದರಲ್ಲಿ ಅವನ ಮಗಳು ಸುವರ್ಣಾ ಇದ್ದಳು. ಸ್ಪರ್ಧೆ ದೇಶದಷ್ಟು ದೊಡ್ಡದಾದರೂ ಫೋನು ಅಂಗೈಯಷ್ಟೇ. ಹಿಂದೆ ಕೂತವರಿಗೆ ನಾಡಿನ ಚೆಲುವೆಯರಿಗಿಂತ ಚಹಾದಂಗಡಿ ಕನಕಪ್ಪನ ಬೋಳು ನೆತ್ತಿಯೇ ಹೆಚ್ಚು ಹೊಳೆಯುತ್ತಿತ್ತು.

ಮೈಲಾರವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಝಗಝಗಿಸುವ ದೀಪಗಳ ನಡುವೆ ಉದ್ದನೆಯ ವೇದಿಕೆ. ಅದರ ಮೇಲೆ ಹಾಸಿದ ಕರಿ ಕಂಬಳಿ, ಅದಕ್ಕೆ ಬಿಳಿ ಅಂಚು. ತೀರಿಹೋದ ಗಂಡ ನೇಯ್ದದ್ದು. ಬೀರಪ್ಪನ ಪೂಜೆಗೆ, ಮದುಮಕ್ಕಳಿಗೆ, ಹೆಸರು ಮಾಡಿ ಮನೆಗೆ ಬಂದವರಿಗೆ ಗದ್ದಿಗೆಯಾಗಿ ಹಾಸುತ್ತಿದ್ದುದು ಅದನ್ನೇ. ಅದರ ಮೇಲೆ ಕಾಲಿಡುವವರು ಯಾರೇ ಇರಲಿ, ಚಪ್ಪಲಿ ಬಿಟ್ಟೇ ಬರಬೇಕು. ಒಮ್ಮೆ ವೋಟು ಕೇಳಲು ಬಂದ ದೊಡ್ಡ ಮನುಷ್ಯರೊಬ್ಬರು ಬೂಟು ಬಿಚ್ಚಿ, ಕಾಲುಚೀಲದ ತೂತಿನಿಂದ ಇಣುಕಿದ ಹೆಬ್ಬೆರಳನ್ನು ಮಾತು ಮುಗಿಯುವತನಕ ಕೈಯಲ್ಲಿ ಮುಚ್ಚಿಕೊಂಡು ಕೂತಿದ್ದರು. ಆ ಸಲ ಅವರು ಸೋತರು. ಕಂಬಳಿಗೇನೂ ಆಗಲಿಲ್ಲ.

ಊರಿನ ಗುರುತು ಏನಾದರೂ ತನ್ನಿ ಎಂದು ಸ್ಪರ್ಧೆಯವರು ಹೇಳಿದಾಗ ಸುವರ್ಣಾ ಇದನ್ನು ಕೇಳಿದ್ದಳು. ಮೈಲಾರವ್ವ ಒಳಗೆ ಹೋಗಿ ಮಡಿಚಿ ತಂದು ಕೊಟ್ಟಿದ್ದಳು. ಜೊತೆಗೆ ಒಂದೇ ಮಾತು: “ಕಾಲಾಗಿಂದು ತಗದು ಇದರ ಮ್ಯಾಲ ಬರ್ರಿ ಅಂತ ಅವರಿಗೆ ಹೇಳು. ಮರೀಬ್ಯಾಡ.”

ಮೊಮ್ಮಗಳ ಹುಚ್ಚು ಮುದುಕಿಗೆ ಹೊಸದೇನಲ್ಲ. ಕೊನೆಯ ಸುತ್ತಿನಲ್ಲಿ ಸ್ಪರ್ಧೆಯ ಇತಿಹಾಸದ ಮೇಲೂ ಪ್ರಶ್ನೆ ಬರುತ್ತದೆಂದು ಯಾರೋ ಹೇಳಿದ ಮೇಲೆ ಸುವರ್ಣಾ ಹಿಂದೆ ಗೆದ್ದವರ ಹೆಸರನ್ನೆಲ್ಲ ಬಾಯಿಪಾಠ ಮಾಡತೊಡಗಿದ್ದಳು. ಮರೆಯಬಾರದೆಂದು ಮನೆಯ ಕುರಿಗಳಿಗೆ ಹುಟ್ಟಿದ ಒಂದೊಂದು ಹೆಣ್ಣುಮರಿಗೂ ಒಬ್ಬೊಬ್ಬಳ ಹೆಸರಿಟ್ಟಿದ್ದಳು. ಹೋಟೆಲಿನ ಹುಲ್ಲಿನ ಮೇಲೆ ಸೀರೆಯುಟ್ಟು ನಿಂತು ಗೆದ್ದ ಮೊದಲ ವರ್ಷದವಳು, ಈಜುಡುಗೆಗೆ ಹೊರಗೆ ಧಿಕ್ಕಾರ ಮೊಳಗುತ್ತಿದ್ದಾಗ ಒಳಗೆ ಕಿರೀಟ ತೊಟ್ಟವಳು, ಟೀವಿ ಬಂದ ಮೇಲೆ ಗೆದ್ದು ಸಾಬೂನು ಮಾರಿದವಳು, ಫೋನಿನ ವೋಟಿನಿಂದ ಗೆದ್ದವಳು, ಎಲ್ಲರೂ ಈಗ ಕುಬಿಹಾಳದ ಎರಿಹೊಲದಲ್ಲಿ ಕಡಲೆ ಕಿತ್ತ ಮೇಲೆ ಉಳಿದದ್ದನ್ನು ಮೇಯುತ್ತಿದ್ದರು. ಮೈಲಾರವ್ವನ ಬಾಯಲ್ಲಿ ಶೆಫಾಲಿ ಸಿಪಾಯವ್ವಳಾಗಿದ್ದಳು, ಗುರ್ಲೀನ್ ಗುರಲಿಂಗವ್ವಳಾಗಿದ್ದಳು. ದೇಶ ಮರೆತ ಸುಂದರಿಯರನ್ನು ಅವಳು ದಿನವೂ ಸಂಜೆ ಹೆಸರು ಹಿಡಿದು ದೊಡ್ಡಿಗೆ ಕರೆಯುತ್ತಿದ್ದಳು.

ಫೋನಿನಲ್ಲಿ ಮೊದಲ ಹುಡುಗಿ ಬಂದಳು. ಪೆನ್ಸಿಲಿನಂಥ ಹಿಮ್ಮಡದ ಚಪ್ಪಲಿ ಮೆಟ್ಟಿಕೊಂಡೇ ಕಂಬಳಿಯ ಮೇಲೆ ಹೆಜ್ಜೆ ಇಟ್ಟಳು. ಅಂಗಳದ ಗದ್ದಲ ನಿಂತುಹೋಯಿತು.

“ನಮ್ಮ ಹುಡುಗಿ ಹೇಳಿಲ್ಲೇನೋ?” ಎಂದ ಕನಕಪ್ಪ, ಸಣ್ಣ ದನಿಯಲ್ಲಿ.

ಎರಡನೆಯವಳು ಬಂದಳು, ಮೂರನೆಯವಳು ಬಂದಳು. ಒಬ್ಬೊಬ್ಬಳು ತಿರುಗಿ ನಿಂತಾಗಲೂ ಹಿಮ್ಮಡ ಉಣ್ಣೆಯೊಳಗೆ ಇಳಿಯುತ್ತಿತ್ತು. ಆಮೇಲೆ ಸುವರ್ಣಾಳ ಹೆಸರು ಕೂಗಿದರು.

ಅವಳು ಕಂಬಳಿಯ ಅಂಚಿಗೆ ಬಂದು ನಿಂತಳು. ತಲೆ ತಗ್ಗಿಸಿ ಕಾಲು ನೋಡಿಕೊಂಡಳು. ಮತ್ತೊಮ್ಮೆ ಹೆಸರು ಕೂಗಿದರು.

ಸುವರ್ಣಾ ಮುಖವೆತ್ತಿ ನಕ್ಕಳು. ಚಪ್ಪಲಿಯಲ್ಲೇ ನಡೆದಳು. ನಡುವೆ ಒಂದು ಹಿಮ್ಮಡ ಸಿಕ್ಕಿಕೊಂಡಿತು. ಜಗ್ಗಿ ಬಿಡಿಸಿಕೊಂಡು, ನಗು ಕೆಡದಂತೆ ಮುಂದಕ್ಕೆ ಸಾಗಿದಳು.

ಮೈಲಾರವ್ವ ಮೊಣಕಾಲಿಗೆ ಕೈಯೂರಿ ಎದ್ದಳು. “ಸಿಪಾಯವ್ವ ಈಯಾಕ ಹತ್ತಿರಬೇಕು, ನೋಡಿ ಬರತೇನಿ,” ಎಂದು ದೊಡ್ಡಿಯ ಕಡೆ ನಡೆದಳು.

ಸುವರ್ಣಾಳಿಗೆ ಎರಡನೆಯ ಸ್ಥಾನ ಬಂತು. ಊರು ಪಟಾಕಿ ಹೊಡೆಯಿತು. ಅದೇ ಹೊತ್ತಿಗೆ ಸಿಪಾಯವ್ವ ಒಂದು ಹೆಣ್ಣುಮರಿ ಹಾಕಿತ್ತು.

ಸುವರ್ಣಾ ಊರಿಗೆ ಬಂದ ದಿನ ಪಂಚಾಯ್ತಿ ಮುಂದೆ ಸನ್ಮಾನ ನಡೆಯಿತು. ಸೌಂದರ್ಯದ ಬಗ್ಗೆ ಮಾತಾಡಲು ಊರಿನಲ್ಲಿ ಇಷ್ಟು ಗಂಡಸರಿದ್ದಾರೆಂದು ಅಂದೇ ಗೊತ್ತಾಯಿತು. ಮೈಲಾರವ್ವ ಮಾತ್ರ ಅತ್ತ ಸುಳಿಯಲಿಲ್ಲ. ಹಾರಗಳನ್ನು ಅಪ್ಪನ ಕೈಗೆ ಕೊಟ್ಟು, ಮಡಿಚಿದ ಕಂಬಳಿಯನ್ನು ಎದೆಗವಚಿಕೊಂಡು ಸುವರ್ಣಾ ದೊಡ್ಡಿಗೆ ಬಂದಳು. ಮುದುಕಿ ಮರಿಯ ಮೈ ಒರೆಸುತ್ತ ಕೂತಿದ್ದಳು.

“ಹೇಳಿದ್ನಿ ಆಯಿ,” ಎಂದಳು ಸುವರ್ಣಾ. “ಯಾರೂ ಕಿವ್ಯಾಗ ಹಾಕ್ಕೊಳ್ಳಿಲ್ಲ. ಚಪ್ಪಲಿ ತಗದಿದ್ರ ಉದ್ದನ್ನ ಗೌನ ಕಾಲಾಗ ಸಿಗತಿತ್ತು. ಬಿದ್ದಿದ್ರ ಎಲ್ಲಾ ಅಲ್ಲೇ ಮುಗೀತಿತ್ತು.”

“ಹೂಂ.”

“ಎಲ್ಲಾರೂ ಹಂಗ ನಡದ್ರು.”

ಮೈಲಾರವ್ವ ಮರಿಯ ಕಿವಿ ಒರೆಸಿ ಮುಗಿಸಿದಳು. “ಅವಕ್ಕ ಇದರ ಬೆಲಿ ಗೊತ್ತಿರಲಿಲ್ಲ, ನಡದ್ವು. ನಿನಗ ಗೊತ್ತಿತ್ತು. ಅದಕ್ಕ ನಿಂತಿ. ನಾ ನೋಡೇನಿ.”

ಮುದುಕಿ ಕಂಬಳಿಯನ್ನು ಇಸಿದುಕೊಂಡು ದೊಡ್ಡಿಯ ಮುಂದಿನ ಬಯಲಲ್ಲಿ ಹಾಸಿದಳು. ಅಲ್ಲಲ್ಲಿ ತೂತು ಬಿದ್ದಿತ್ತು. ನಡುವಿನದು ಎಲ್ಲಕ್ಕಿಂತ ದೊಡ್ಡದು, ಜಗ್ಗಿ ಹರಿದದ್ದು. ಅದರೊಳಗೆ ಕಿರುಬೆರಳು ತೂರಿಸಿ ನೋಡಿ, ಮೂಲೆಗಳನ್ನು ಎಳೆದು ಸುಕ್ಕು ಬಿಡಿಸಿದಳು.

“ಕುಂದ್ರು,” ಎಂದಳು. “ಹೆಸರ ಮಾಡಿ ಬಂದಾಕಿ. ಕುಂದ್ರಬೇಕು.”

ಸುವರ್ಣಾ ಚಪ್ಪಲಿ ಕಳಚಿ ದೂರ ಇಟ್ಟಳು. ಕಂಬಳಿಯ ಹತ್ತಿರ ಬಂದು, ಅದರ ಮೇಲೆ ಕೂರದೆ, ಅಂಚಿನ ಪಕ್ಕದ ಮಣ್ಣಿನಲ್ಲಿ ಕೂತಳು. ಮೈಲಾರವ್ವ ಒಳಗಿನಿಂದ ದಬ್ಬಣ, ಕರಿ ಉಣ್ಣೆಯ ನೂಲು ತಂದಳು. ಪೋಣಿಸಲು ಕಣ್ಣು ಸಾಲದೆ ಮೊಮ್ಮಗಳ ಕಡೆ ಚಾಚಿದಳು. ಸುವರ್ಣಾ ನಡುವಿನ ತೂತನ್ನು ಮಡಿಲಿಗೆಳೆದುಕೊಂಡು ಹೊಲಿಯತೊಡಗಿದಳು.

“ಮರಿಗೆ ಇನ್ನೂ ಹೆಸರ ಇಟ್ಟಿಲ್ಲ, ನೀ ಬರ್ಲಿ ಅಂತ,” ಎಂದಳು ಮುದುಕಿ. “ಕನಕಪ್ಪ ಸುವರ್ಣಾ ಅಂತಿಡು ಅಂತಾನ.”

ಸುವರ್ಣಾ ತಲೆ ಎತ್ತಲಿಲ್ಲ. ನೂಲು ಎಳೆಯುತ್ತಲೇ ಬೇಡವೆಂದು ಗೋಣು ಆಡಿಸಿದಳು.

ಹೊತ್ತು ಇಳಿದಿತ್ತು. ಮೈಲಾರವ್ವ ಹೊಲದ ಕಡೆ ತಿರುಗಿ ಒಬ್ಬೊಬ್ಬರನ್ನೇ ಕರೆದಳು. ಮೊದಲ ವರ್ಷದವಳು ಬಂದಳು, ಧಿಕ್ಕಾರದ ವರ್ಷದವಳು ಬಂದಳು, ಗುರಲಿಂಗವ್ವ ಕುಂಟುತ್ತ ಬಂದಳು. ಎಲ್ಲರೂ ಹಾಸಿದ ಕಂಬಳಿಯನ್ನು ಮೆಟ್ಟದೆ ಬಳಸಿಕೊಂಡು ದೊಡ್ಡಿಯೊಳಗೆ ಹೋದರು. ಹೆಸರಿಲ್ಲದ ಮರಿ ಮಾತ್ರ ತಾಯಿಯ ದನಿ ಕೇಳಿ ದೊಡ್ಡಿಯಿಂದ ನೆಟ್ಟಗೆ ಓಡಿ ಬಂದು, ಪುಟ್ಟ ಗೊರಸುಗಳನ್ನು ಕಂಬಳಿಯ ಮೇಲೆ ಊರಿ ನಿಂತಿತು. ಅದನ್ನು ಯಾರೂ ಅಟ್ಟಲಿಲ್ಲ.